ಒಂದು ಡಿಸ್ಕ್ ಸತ್ತರೂ ಧ್ವನಿ ಉಳಿಯಬೇಕು: ಫ್ರೀಬಿಎಸ್‌ಡಿ ಸರ್ವರ್‌ನಲ್ಲಿ ಮಿರರ್ ಕಟ್ಟುವ ಕ್ರಮ

ಶಿರಸಿಯ ನಮ್ಮ ಮನೆಯ ಒಂದು ಕೋಣೆಯಲ್ಲಿ ಯಕ್ಷಗಾನ, ತಾಳಮದ್ದಳೆಗಳ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಾಡುತ್ತೇನೆ. ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ ಕಡೆಯಿಂದ ಜನ ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಕೊಂಡು ತರುತ್ತಾರೆ. ಎಷ್ಟೋ ಟೇಪುಗಳ ಅಂಚಿಗೆ ಮಳೆಗಾಲದ ಬಿಳಿ ಬೂಷ್ಟು ಹಿಡಿದಿರುತ್ತದೆ. ಅಂಥದ್ದನ್ನು ಒರೆಸಿ, ಒಣಗಿಸಿ ಒಮ್ಮೆ ಓಡಿಸಬಹುದು. ಎರಡನೆಯ ಸಲಕ್ಕೆ ಖಾತ್ರಿ ಇಲ್ಲ. ಇಳಿಸಿಕೊಂಡ ಕಡತವೇ ಅಲ್ಲಿಂದ ಮುಂದೆ ಮೂಲ ಪ್ರತಿ. ಅದನ್ನು ಒಂದೇ ಒಂದು ಡಿಸ್ಕಿನ ಮೇಲೆ ನಂಬಿ ಬಿಡುವುದು ಆ ಭಾಗವತರಿಗೂ ಅರ್ಥಧಾರಿಗಳಿಗೂ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ಈ ಬರಹ ಅದೇ ಬಗೆಯ ಹೊಣೆ ಹೊತ್ತವರಿಗಾಗಿ: ಸಹಕಾರಿ ಸಂಘದ ಲೆಕ್ಕ, ಶಾಲೆಯ ದಾಖಲೆ, ಮದುವೆಯ ಫೋಟೊ, ಏನೇ ಇರಲಿ, ಕ್ರಮ ಒಂದೇ.

ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳ ಮೇಲೆ ಏಕಕಾಲಕ್ಕೆ ಬರೆಯುವುದು ಮಿರರ್. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಡಿಸ್ಕ್ ಜೋಡಣೆಗಳನ್ನು ವರ್ಗೀಕರಿಸಿದಾಗ ಇದನ್ನು ರೇಡ್ 1 ಎಂದು ಮೊದಲ ಮೆಟ್ಟಿಲಲ್ಲಿ ಇಟ್ಟರು. ಆದರೆ ಸಾಮಾನ್ಯ ರೇಡ್ 1ಕ್ಕೆ ಒಂದು ದೊಡ್ಡ ಕೊರತೆ ಇದೆ. ಡಿಸ್ಕ್ ಪೂರ್ತಿ ಸತ್ತರೆ ಅದಕ್ಕೆ ತಿಳಿಯುತ್ತದೆ. ಡಿಸ್ಕ್ ಬದುಕಿದ್ದು, ಒಳಗೆ ಒಂದೆರಡು ಬ್ಲಾಕ್ (ಡೇಟಾದ ಸಣ್ಣ ತುಂಡು) ಮೌನವಾಗಿ ಕೆಟ್ಟರೆ ಎರಡು ಪ್ರತಿಗಳಲ್ಲಿ ಯಾವುದು ಸರಿ ಎಂದು ಹೇಳಲಾರದು. ನಾನು ಬಳಸುವ ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಜಿಮಿರರ್ ಎಂಬ ಸರಳ ಮಿರರ್ ಕೂಡ ಇದೆ. ನಾನು ಅದನ್ನು ಬಿಟ್ಟು ಜೆಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ಹಿಡಿದದ್ದು ಈ ಕಾರಣಕ್ಕೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು, 2008ರಲ್ಲಿ ಫ್ರೀಬಿಎಸ್‌ಡಿ 7.0ರೊಳಗೆ ಸೇರಿದ ಈ ವ್ಯವಸ್ಥೆ ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು, ಅಂದರೆ ಅದರೊಳಗಿನ ಡೇಟಾದಿಂದ ಲೆಕ್ಕ ಹಾಕಿದ ತಾಳೆಸಂಖ್ಯೆಯನ್ನು, ಆ ಬ್ಲಾಕಿನಿಂದ ಬೇರೆಯಾಗಿ ಬರೆದಿಡುತ್ತದೆ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕಿನಿಂದ ಸರಿಯಾದ ಪ್ರತಿಯನ್ನು ತಂದು ನಮಗೆ ಕೊಡುತ್ತದೆ, ಕೆಟ್ಟದ್ದನ್ನು ಅಲ್ಲೇ ತಿದ್ದುತ್ತದೆ.

ಮಿರರ್ ಕೆಲಸವನ್ನು ತಾನೇ ಮಾಡುವ ರೇಡ್ ಕಾರ್ಡ್ ಕೊಳ್ಳಲು ಹೋಗಬೇಡಿ. ಕಾರ್ಡ್ ಕೆಟ್ಟರೆ ಅದೇ ಜಾತಿಯ ಇನ್ನೊಂದು ಕಾರ್ಡ್ ಬೇಕಾಗಬಹುದು, ಅದು ಶಿರಸಿಯಲ್ಲಿ ಇರಲಿ, ಹುಬ್ಬಳ್ಳಿಯಲ್ಲೂ ಸಿಗುವುದು ಕಷ್ಟ. ಜೆಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಕಿತ್ತು ಬೇರೊಂದು ಸಾಧಾರಣ ಯಂತ್ರಕ್ಕೆ ಹಾಕಿ ಇಂಪೋರ್ಟ್ ಮಾಡಿದರೆ ಮುಗಿಯಿತು.

ಡಿಸ್ಕ್ ಕೊಳ್ಳುವಾಗ

ಎಷ್ಟು ದೊಡ್ಡದು ಬೇಕು ಎಂದು ಮೊದಲು ಲೆಕ್ಕ ಹಾಕಿ. ನಾನು 24 ಬಿಟ್, 96 ಕಿಲೋಹರ್ಟ್ಸ್, ಸ್ಟೀರಿಯೊದಲ್ಲಿ ಇಳಿಸುತ್ತೇನೆ. ಅಂದರೆ ಗಂಟೆಗೆ ಎರಡು ಜಿಬಿಗಿಂತ ತುಸು ಹೆಚ್ಚು. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಸುಮಾರು 3.1 ಜಿಬಿ. ಪೂಲನ್ನು, ಅಂದರೆ ಜೆಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಸೇರಿಸಿ ಕಟ್ಟುವ ಒಟ್ಟು ಜಾಗವನ್ನು, ಶೇಕಡಾ 80ಕ್ಕಿಂತ ಹೆಚ್ಚು ತುಂಬಿಸದಿರುವುದು ಒಳ್ಳೆಯದು, ತುಂಬಿದಷ್ಟೂ ಬರೆಯುವ ವೇಗ ಕುಸಿಯುತ್ತದೆ. ಆ ಮಿತಿಯಲ್ಲಿ 4 ಟಿಬಿಯ ಒಂದು ಜೋಡಿಯಲ್ಲಿ ಹತ್ತಿರ ಹತ್ತಿರ ಸಾವಿರ ಕ್ಯಾಸೆಟ್ ಹಿಡಿಯುತ್ತವೆ. ಎರಡು ಡಿಸ್ಕ್ ಇದ್ದರೂ ಸಿಗುವ ಜಾಗ ಒಂದರದ್ದೇ ಎಂಬುದು ನೆನಪಿರಲಿ.

ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ. ಒಂದೇ ತಂಡದಲ್ಲಿ ತಯಾರಾಗಿ, ಒಂದೇ ಪೆಟ್ಟಿಗೆಯಲ್ಲಿ ಬಂದು, ಒಂದೇ ಯಂತ್ರದಲ್ಲಿ ಒಂದೇ ಬಗೆಯ ಕೆಲಸ ಮಾಡಿದ ಡಿಸ್ಕ್‌ಗಳು ಒಂದೇ ಕಾಲಕ್ಕೆ ಕೈಕೊಡುವ ಅಪಾಯ ಇದೆ. ಒಂದನ್ನು ಹುಬ್ಬಳ್ಳಿಯಿಂದ ತಂದರೆ ಇನ್ನೊಂದನ್ನು ಬೇರೆ ಕಂಪನಿಯದ್ದು, ಬೇರೆ ಕಡೆಯಿಂದ ತರಿಸಿ.

ಇನ್ನೊಂದು ವಿಷಯವನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಕೆಲವು ಡಿಸ್ಕ್‌ಗಳಲ್ಲಿ ಜಾಗ ಉಳಿಸಲು ಒಂದು ಟ್ರ್ಯಾಕಿನ ಅಂಚಿನ ಮೇಲೆ ಮುಂದಿನ ಟ್ರ್ಯಾಕ್ ಬರುವಂತೆ, ಮಾಡಿಗೆ ಹೆಂಚು ಹೊದಿಸಿದ ಹಾಗೆ ಬರೆಯುತ್ತಾರೆ. ಇವಕ್ಕೆ ಎಸ್‌ಎಂಆರ್ ಡಿಸ್ಕ್ ಎಂದು ಹೆಸರು. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ಎತ್ತಬೇಕು. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಸತ್ತ ಡಿಸ್ಕಿನ ಬದಲಿಗೆ ಹೊಸದನ್ನು ತುಂಬಿಸುವ ದಿನ, ಗಂಟೆಗಳಲ್ಲಿ ಆಗಬೇಕಾದ ಕೆಲಸ ದಿನಗಟ್ಟಲೆ ಎಳೆಯುತ್ತದೆ. ತಯಾರಕರ ವಿವರಪತ್ರದಲ್ಲಿ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಬಾರದ ಬಗೆ) ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ.

ಆಪರೇಟಿಂಗ್ ಸಿಸ್ಟಮ್ಮಿಗೆ ಪ್ರತ್ಯೇಕವಾದ ಒಂದು ಸಣ್ಣ ಎಸ್‌ಎಸ್‌ಡಿ ಇಟ್ಟುಕೊಂಡರೆ ಡೇಟಾ ಡಿಸ್ಕ್‌ಗಳ ಗೋಜು ಕಡಿಮೆ. ಇಂಥ ಕೆಲಸಕ್ಕೆ 8 ಜಿಬಿ ಮೆಮೊರಿ ಸಾಕು. ತನ್ನೊಳಗಿನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಹಿಡಿಸುವ ಬೋರ್ಡ್ ಸಿಕ್ಕರೆ ಇನ್ನೂ ಉತ್ತಮ. ಕ್ಯಾಬಿನೆಟ್ಟಿನಲ್ಲಿ ಮೂರನೆಯ ಡಿಸ್ಕಿಗೆ ಜಾಗವೂ ಕೇಬಲ್ಲೂ ಖಾಲಿ ಇರಲಿ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಡಿಸ್ಕಿಗೆ ಹೆಸರಿಡುವುದು

ಹೊನ್ನಾವರದ ಸ್ನೇಹಿತರೊಬ್ಬರು ಒಂದು ಮಳೆಗಾಲದ ಸಂಜೆ ಫೋನ್ ಮಾಡಿದ್ದರು. ‘ಭಾವ, ಎರಡರಲ್ಲಿ ಒಂದು ಡಿಸ್ಕ್ ಹೋಗಿದೆ ಎಂದು ತೋರಿಸುತ್ತಿದೆ. ಪೆಟ್ಟಿಗೆ ಬಿಚ್ಚಿ ಕೂತಿದ್ದೇನೆ. ಎರಡೂ ಒಂದೇ ತರಹ ಇವೆ. ಯಾವುದನ್ನು ಎಳೆಯಲಿ?’ ಎಂದರು. ‘ಯಾವುದನ್ನೂ ಮುಟ್ಟಬೇಡಿ, ಕ್ರಮಸಂಖ್ಯೆ ಓದಿ ಹೇಳಿ’ ಎಂದೆ. ಕ್ರಮಸಂಖ್ಯೆಯ ಚೀಟಿ ಡಿಸ್ಕಿನ ಒಳಮೈಗೆ ಇತ್ತು, ಬಿಚ್ಚದೆ ಕಾಣುವಂತಿರಲಿಲ್ಲ. ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಎಳೆಯುವುದು ಇಂಥ ಗಳಿಗೆಯಲ್ಲೇ. ಮಿರರ್ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಹೆಸರಿಡುವುದಕ್ಕೆ, ಮತ್ತು ಅದನ್ನು ಡಿಸ್ಕ್ ಹೊಸದಾಗಿರುವಾಗಲೇ ಮಾಡಿ ಮುಗಿಸುತ್ತೇನೆ.

ಡಿಸ್ಕನ್ನು ಕ್ಯಾಬಿನೆಟ್ಟಿಗೆ ಕೂರಿಸುವ ಮೊದಲು ಅದರ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಂಕೆಗಳನ್ನು ಬಿಳಿ ಅಂಟುಚೀಟಿಯ ಮೇಲೆ ಬರೆದು, ಕೇಬಲ್ ಸಿಕ್ಕಿಸುವ ಬದಿಯ ಅಂಚಿಗೆ ಹಚ್ಚಿ. ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಬೀಳಬೇಕು. ಅದೇ ಸಂಖ್ಯೆಗಳನ್ನು, ಯಾವ ಡಿಸ್ಕ್ ಮೇಲೆ, ಯಾವುದು ಕೆಳಗೆ ಎಂಬ ವಿವರದೊಂದಿಗೆ, ಕ್ಯಾಬಿನೆಟ್ಟಿನ ಹೊರಗೂ ಅಂಟಿಸಿ. ಉದಾಹರಣೆಗೆ ಮೇಲಿನದು 4471, ಕೆಳಗಿನದು 0926 ಎಂದಿಟ್ಟುಕೊಳ್ಳೋಣ.

ಈಗ ಯಂತ್ರ ಶುರು ಮಾಡಿ, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಒಳಹೊಗಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ಜಿಯೋಮ್ ಡಿಸ್ಕ್ ಲಿಸ್ಟ್

ಇದು ಪ್ರತಿ ಡಿಸ್ಕಿನ ಗಾತ್ರ, ಮಾದರಿ, ಕ್ರಮಸಂಖ್ಯೆಯನ್ನು ತೋರಿಸುತ್ತದೆ. ಕ್ರಮಸಂಖ್ಯೆ ‘ಐಡೆಂಟ್’ ಎಂಬ ಸಾಲಿನಲ್ಲಿರುತ್ತದೆ. ವ್ಯವಸ್ಥೆ ಕೊಡುವ ಎಡಿಎ1, ಎಡಿಎ2 ಎಂಬ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ಕೇಬಲ್ ಬೇರೆ ಕಿಂಡಿಗೆ ಹೋದರೆ ಆ ಹೆಸರೂ ಬದಲಾಗುತ್ತದೆ. ಡಿಸ್ಕಿನೊಳಗೇ ನಮ್ಮದೇ ಲೇಬಲ್ ಬರೆದರೆ ಅದು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ.

ಜಿಪಾರ್ಟ್ ಕ್ರಿಯೇಟ್ -ಎಸ್ ಜಿಪಿಟಿ ಎಡಿಎ1
ಜಿಪಾರ್ಟ್ ಆ್ಯಡ್ -ಟಿ ಫ್ರೀಬಿಎಸ್‌ಡಿ-ಜೆಡ್‌ಎಫ್‌ಎಸ್ -ಎ 1ಎಂ -ಎಸ್ 3720ಜಿ -ಎಲ್ ಮೇಲೆ-4471 ಎಡಿಎ1

ಎರಡನೆಯ ಡಿಸ್ಕಿಗೂ ಹೀಗೆಯೇ, ಎಡಿಎ2 ಎಂದು, ಲೇಬಲ್ ಮಾತ್ರ ಕೆಳಗೆ-0926. 4 ಟಿಬಿ ಡಿಸ್ಕಿನಲ್ಲಿ 3726 ಜಿಬಿಯಷ್ಟು ಜಾಗ ಇರುತ್ತದೆ, ಯಂತ್ರ ಒಂದು ಕೆಬಿಗೆ 1024 ಬೈಟ್‌ನಂತೆ ಎಣಿಸುವುದರಿಂದ. ಅದರಲ್ಲಿ ನಾನು 3720 ಮಾತ್ರ ಬಳಸುತ್ತೇನೆ. ಮುಂದೆ ಬದಲಿ ತರುವ ಡಿಸ್ಕ್ ಬೇರೆ ಕಂಪನಿಯದ್ದಾಗಿ ಕೆಲವೇ ಸೆಕ್ಟರ್ ಚಿಕ್ಕದಾಗಿದ್ದರೂ ಜೆಡ್‌ಎಫ್‌ಎಸ್ ಅದನ್ನು ಒಪ್ಪುವುದಿಲ್ಲ. ಆ ಆರು ಜಿಬಿ ಅಂಥ ದಿನಕ್ಕೆ ಮೀಸಲು.

ಪೂಲ್ ಕಟ್ಟುವುದು

ಹೊಸ ಡಿಸ್ಕ್‌ಗಳನ್ನು ಪೂಲಿಗೆ ಸೇರಿಸುವ ಮೊದಲು ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ದೀರ್ಘ ಪರೀಕ್ಷೆ ನಡೆಸಿ: ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್ /ಡೆವ್/ಎಡಿಎ1. ದೊಡ್ಡ ಡಿಸ್ಕಿಗೆ ಇಡೀ ರಾತ್ರಿ ಹಿಡಿಯಬಹುದು. ಬೆಳಿಗ್ಗೆ -ಎ ಹಾಕಿ ಫಲಿತಾಂಶ ನೋಡಿ. 5ನೆಯ ಸಾಲು ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳದ್ದು, 197ನೆಯದು ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳದ್ದು. ಹೊಸ ಡಿಸ್ಕಿನಲ್ಲಿ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಅಂಗಡಿಗೆ ವಾಪಸ್.

ನಂತರ:

ಸಿಸ್‌ಆರ್‌ಸಿ ಜೆಡ್‌ಎಫ್‌ಎಸ್_ಎನೇಬಲ್=ಯೆಸ್
ಜೆಡ್‌ಪೂಲ್ ಕ್ರಿಯೇಟ್ -ಒ ಎಶಿಫ್ಟ್=12 -ಒ ಕಂಪ್ರೆಶನ್=ಎಲ್‌ಜೆಡ್4 -ಒ ಎಟೈಮ್=ಆಫ್ ಭಂಡಾರ ಮಿರರ್ ಜಿಪಿಟಿ/ಮೇಲೆ-4471 ಜಿಪಿಟಿ/ಕೆಳಗೆ-0926

‘ಯೆಸ್’ ದೊಡ್ಡಕ್ಷರಗಳಲ್ಲಿ. ಎರಡನೆಯ ಸಾಲಿನ ಮೊದಲ ಒ ಸಣ್ಣಕ್ಷರ, ಮುಂದಿನ ಎರಡು ದೊಡ್ಡಕ್ಷರ: ಸಣ್ಣದು ಪೂಲಿನ ಗುಣಕ್ಕೆ, ದೊಡ್ಡದು ಅದರ ಮೇಲಿನ ಕಡತವ್ಯವಸ್ಥೆಯ ಗುಣಕ್ಕೆ. ಎಶಿಫ್ಟ್ 12 ಎಂದರೆ 4096 ಬೈಟ್‌ನ ಸೆಕ್ಟರ್. ಇಂದಿನ ಬಹಳಷ್ಟು ಡಿಸ್ಕ್‌ಗಳು ಒಳಗೆ 4096 ಇಟ್ಟುಕೊಂಡು ಹೊರಗೆ 512 ಎಂದು ಹೇಳುತ್ತವೆ. ಒಮ್ಮೆ ಕಟ್ಟಿದ ಮೇಲೆ ಇದನ್ನು ಬದಲಿಸಲಾಗುವುದಿಲ್ಲ, ಹಾಗಾಗಿ ಕೈಯಾರೆ ಬರೆಯುವುದೇ ಮೇಲು. ಕ್ರಿಯೇಟ್ ಎಂಬುದರ ಮುಂದೆ -ಎನ್ ಸೇರಿಸಿದರೆ ನಿಜವಾಗಿ ಏನೂ ಮಾಡದೆ, ಮಾಡಿದರೆ ಹೇಗಿರುತ್ತದೆ ಎಂದಷ್ಟೇ ತೋರಿಸುತ್ತದೆ. ‘ಮಿರರ್’ ಎಂಬ ಒಂದು ಪದ ಬಿಟ್ಟುಹೋದರೆ ಎರಡು ಡಿಸ್ಕ್‌ಗಳ ಜಾಗ ಕೂಡಿ ಒಂದಾಗುತ್ತದೆ, ಆಗ ಒಂದು ಸತ್ತರೂ ಎಲ್ಲವೂ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಅದನ್ನೇ ಹುಡುಕಿ ನೋಡಿ.

ಜೆಡ್‌ಪೂಲ್ ಸ್ಟೇಟಸ್ ಎಂದು ಕೇಳಿದರೆ ಭಂಡಾರ, ಅದರ ಕೆಳಗೆ ಮಿರರ್-0, ಅದರ ಕೆಳಗೆ ನಮ್ಮ ಎರಡು ಲೇಬಲ್‌ಗಳು, ಎಲ್ಲದರ ಎದುರು ಆನ್‌ಲೈನ್ ಎಂದು ಕಾಣಬೇಕು. ಬಲಬದಿಯ ರೀಡ್, ರೈಟ್, ಸಿಕೆಸಮ್ ಎಂಬ ಮೂರು ಕಂಬಸಾಲುಗಳಲ್ಲಿ ಸೊನ್ನೆ.

ಇನ್ನು ಒಳಗಿನ ವಿಭಾಗಗಳು. ಧ್ವನಿಗೆ ಒಂದು, ಕೈಬರಹದ ಪ್ರಸಂಗ ಪ್ರತಿಗಳ ಚಿತ್ರಗಳಿಗೆ ಒಂದು ಇಟ್ಟಿದ್ದೇನೆ:

ಜೆಡ್‌ಎಫ್‌ಎಸ್ ಕ್ರಿಯೇಟ್ -ಒ ರೆಕಾರ್ಡ್‌ಸೈಜ್=1ಎಂ ಭಂಡಾರ/ಧ್ವನಿ
ಜೆಡ್‌ಎಫ್‌ಎಸ್ ಕ್ರಿಯೇಟ್ ಭಂಡಾರ/ಪ್ರಸಂಗ

ಹೀಗೆ ಬೇರೆ ಮಾಡಿದರೆ ಪ್ರತಿಯೊಂದರ ಸ್ನ್ಯಾಪ್‌ಶಾಟ್ (ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಡುವುದು) ಬೇರೆ ಬೇರೆ ತೆಗೆಯಬಹುದು.

ಬೆಲೆಬಾಳುವುದನ್ನು ಹಾಕುವ ಮೊದಲು ಕೆಡಿಸಿ ನೋಡಿ

ಪರೀಕ್ಷೆ ಮಾಡದ ಮಿರರನ್ನು ನಾನು ಮಿರರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವು ಗಂಟೆಗಳ ಧ್ವನಿಕಡತಗಳನ್ನು ನಕಲು ಹಾಕಿ, ಅದರಲ್ಲೊಂದನ್ನು ಕೇಳುತ್ತ ಕೂರಿ. ಕೇಳುತ್ತಿರುವಾಗಲೇ ಒಂದು ಡಿಸ್ಕನ್ನು ಹೊರಗಿಡಿ:

ಜೆಡ್‌ಪೂಲ್ ಆಫ್‌ಲೈನ್ ಭಂಡಾರ ಜಿಪಿಟಿ/ಕೆಳಗೆ-0926

ಚಂಡೆಯ ಒಂದು ಪೆಟ್ಟೂ ತಪ್ಪದೆ ಹಾಡು ಮುಂದುವರಿಯಬೇಕು. ಸ್ಟೇಟಸ್‌ನಲ್ಲಿ ಭಂಡಾರದ ಎದುರು ಡಿಗ್ರೇಡೆಡ್ ಎಂದು ಬಂದಿರುತ್ತದೆ. ಆ ಪದ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದು ನಿಮಗೆ ಪರಿಚಯವಾಗಲಿ, ನಿಜವಾಗಿ ಬಂದ ದಿನ ಗಾಬರಿ ಇರುವುದಿಲ್ಲ. ಈಗ ಇನ್ನಷ್ಟು ಕಡತ ಬರೆದು, ಆಫ್‌ಲೈನ್ ಇದ್ದಲ್ಲಿ ಆನ್‌ಲೈನ್ ಎಂದು ಬರೆದು ಡಿಸ್ಕನ್ನು ಮರಳಿ ಕರೆಯಿರಿ. ಅದು ಇಲ್ಲದಾಗ ಬರೆದಷ್ಟನ್ನು ಮಾತ್ರ ತುಂಬಿಕೊಳ್ಳುತ್ತದೆ, ಇದು ರಿಸಿಲ್ವರ್. ಆಮೇಲೆ ಯಂತ್ರ ಆರಿಸಿ, ಒಂದು ಡಿಸ್ಕಿನ ಕೇಬಲ್ ಬಿಚ್ಚಿ, ಒಂದರಲ್ಲೇ ಶುರು ಮಾಡಿ ನೋಡಿ. ಮುಂದಿನ ಸಲ ಮತ್ತೊಂದನ್ನು. ನಡುವೆ ರಿಸಿಲ್ವರ್ ಪೂರ್ತಿಯಾಗಲು ಬಿಡಬೇಕು.

ಮೌನವಾಗಿ ಕೆಡುವ ಬ್ಲಾಕನ್ನು ತಿದ್ದುವುದನ್ನೂ ಕಣ್ಣಾರೆ ನೋಡಬಹುದು. ಇದಕ್ಕೆ ನಿಜವಾದ ಡಿಸ್ಕ್ ಬೇಡ. ಟ್ರಂಕೇಟ್ ಕಮಾಂಡಿನಿಂದ /ರೂಟ್ ಒಳಗೆ ‘ಒಂದು’, ‘ಎರಡು’ ಎಂಬ ಹೆಸರಿನ, ತಲಾ ಒಂದು ಜಿಬಿಯ ಎರಡು ಖಾಲಿ ಕಡತ ಮಾಡಿ, ಪೂರ್ಣ ಹಾದಿ ಕೊಟ್ಟು ಅವುಗಳ ಮೇಲೆ ‘ಅಭ್ಯಾಸ’ ಎಂಬ ಮಿರರ್ ಕಟ್ಟಿ, 700 ಎಂಬಿಯಷ್ಟು ಧ್ವನಿ ತುಂಬಿ. ಪೂಲನ್ನು ಎಕ್ಸ್‌ಪೋರ್ಟ್ ಮಾಡಿ (ವ್ಯವಸ್ಥೆಯಿಂದ ಬಿಡಿಸಿ) ಒಂದು ಕಡತದ ನಡುವೆ ಕಸ ಸುರಿಯಿರಿ:

ಡಿಡಿ ಐಎಫ್=/ಡೆವ್/ರ್‍ಯಾಂಡಮ್ ಒಎಫ್=/ರೂಟ್/ಒಂದು ಬಿಎಸ್=1ಎಂ ಸೀಕ್=200 ಕೌಂಟ್=100 ಕಾನ್ವ್=ನೋಟ್ರಂಕ್

ಕೊನೆಯ ಪದ ಬಿಡಬೇಡಿ, ಬಿಟ್ಟರೆ ಕಡತವೇ ಮೊಟಕಾಗುತ್ತದೆ. ಒಎಫ್ ಎದುರಿನ ಹೆಸರನ್ನು ಎರಡು ಸಲ ಓದಿ. ಡಿಡಿ ಏನನ್ನೂ ಕೇಳದೆ ಬರೆಯುತ್ತದೆ. ಈಗ ಜೆಡ್‌ಪೂಲ್ ಇಂಪೋರ್ಟ್ -ಡಿ /ರೂಟ್ ಅಭ್ಯಾಸ ಎಂದು ತಂದು ಜೆಡ್‌ಪೂಲ್ ಸ್ಕ್ರಬ್ ಅಭ್ಯಾಸ ಎನ್ನಿ. ಪೂಲಿನ ಎಲ್ಲ ಡೇಟಾವನ್ನು ಓದಿ ತಾಳೆ ನೋಡುವುದೇ ಸ್ಕ್ರಬ್. ಸ್ಟೇಟಸ್‌ನ ಸಿಕೆಸಮ್ ಕಂಬಸಾಲಿನಲ್ಲಿ, ಕಸ ಸುರಿದ ಕಡತದ ಎದುರು ಮಾತ್ರ ಸಂಖ್ಯೆ ಏರಿರುತ್ತದೆ. ಎಷ್ಟು ಡೇಟಾ ತಿದ್ದಲಾಯಿತು ಎಂಬುದು ಸ್ಕ್ರಬ್‌ನ ಸಾಲಿನಲ್ಲಿ ಕಾಣುತ್ತದೆ, ಧ್ವನಿ ಮೊದಲಿನಷ್ಟೇ ಚೊಕ್ಕವಾಗಿ ಕೇಳುತ್ತದೆ. ಹೊಸದಾಗಿ ಕಲಿಯುವವರು ಯಾರೇ ಬಂದರೂ ನಾನು ಮೊದಲು ಮಾಡಿಸುವುದು ಇದನ್ನೇ.

ಕೇಳದೇ ಇರುವ ಕಡತದ ಬ್ಲಾಕ್ ಕೆಟ್ಟರೆ ತಿಳಿಯುವುದು ಸ್ಕ್ರಬ್‌ನಿಂದ ಮಾತ್ರ. /ಇಟಿಸಿ/ಪೀರಿಯಾಡಿಕ್.ಕಾನ್ಫ್ ಕಡತದಲ್ಲಿ ಡೈಲಿ_ಸ್ಕ್ರಬ್_ಜೆಡ್‌ಎಫ್‌ಎಸ್_ಎನೇಬಲ್ ಮತ್ತು ಡೈಲಿ_ಸ್ಟೇಟಸ್_ಜೆಡ್‌ಎಫ್‌ಎಸ್_ಎನೇಬಲ್ ಎರಡಕ್ಕೂ ಯೆಸ್ ಬರೆಯಿರಿ. ಬೆಳಗಿನ ಜಾವ ಮೂರರ ಹೊತ್ತಿಗೆ ವ್ಯವಸ್ಥೆ ತಾನೇ ನೋಡಿಕೊಳ್ಳುತ್ತದೆ. ಹಿಂದಿನ ಸ್ಕ್ರಬ್ ಆಗಿ 35 ದಿನ ಕಳೆದಿದ್ದರೆ ಹೊಸದು ಶುರುವಾಗುತ್ತದೆ. ರೂಟ್‌ಗೆ ಬರುವ ಮೇಲ್ ನೀವು ದಿನವೂ ನೋಡುವ ಮೇಲ್‌ಗೆ ತಲುಪುವಂತೆ ಮಾಡಿ, ತಲುಪಿತೇ ಎಂದು ಒಂದು ಮೇಲ್ ಕಳಿಸಿ ನೋಡಿ.

ಮಳೆ, ಕರೆಂಟು, ಉಪ್ಪುಗಾಳಿ

ಜೂನ್ ಬಂತೆಂದರೆ ನಮ್ಮಲ್ಲಿ ಘಟ್ಟದ ಮರಗಳು ತಂತಿಯ ಮೇಲೆ ಬೀಳುತ್ತವೆ, ಕರೆಂಟು ಹೋಗಿ ಬಂದು ಮಾಡುತ್ತದೆ. ಜೆಡ್‌ಎಫ್‌ಎಸ್ ಹಳೆಯ ಬ್ಲಾಕಿನ ಮೇಲೆ ಬರೆಯದೆ, ಹೊಸ ಜಾಗದಲ್ಲಿ ಬರೆದು ಆಮೇಲೆ ಅದಕ್ಕೆ ದಾರಿ ತೋರಿಸುವುದರಿಂದ ಅರ್ಧದಲ್ಲಿ ಕರೆಂಟು ಹೋದರೂ ಪೂಲ್ ಕೆಡುವುದಿಲ್ಲ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಬರೆದದ್ದು ಮಾತ್ರ ಹೋಗಬಹುದು. ಹಾಗೆಂದು ಯುಪಿಎಸ್ ಬೇಡ ಎಂದಲ್ಲ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ತಂದು, ನಟ್ ಎಂಬ ತಂತ್ರಾಂಶ ಹಾಕಿ, ಬ್ಯಾಟರಿ ಇಳಿದಾಗ ಯಂತ್ರ ತಾನಾಗಿ ಆರುವಂತೆ ಮಾಡಿ.

ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ಕಾಟ ಉಪ್ಪುಗಾಳಿ. ಪ್ಲಗ್ಗಿನ ಹಿತ್ತಾಳೆ ಕಡ್ಡಿಯ ಮೇಲೆ ಹಸಿರು ಕಿಲುಬು ಏರುವ ಊರಿನಲ್ಲಿ ಡಿಸ್ಕಿನ ಕನೆಕ್ಟರ್ ಮಾತ್ರ ಉಳಿದೀತೇ? ಸ್ಮಾರ್ಟ್ ವರದಿಯ 199ನೆಯ ಸಾಲಿನ ಸಿಆರ್‌ಸಿ ಎಣಿಕೆ (ಕೇಬಲ್ ದಾಟುವಾಗ ಆದ ತಪ್ಪುಗಳದ್ದು) ಏರುತ್ತಿದ್ದು 5, 197 ಸೊನ್ನೆ ಇದ್ದರೆ ಡಿಸ್ಕನ್ನು ದೂರಬೇಡಿ. ಮೊದಲು ಕೇಬಲ್ ಬದಲಿಸಿ, ಜೆಡ್‌ಪೂಲ್ ಕ್ಲಿಯರ್ ಹೇಳಿ, ಒಂದು ಸ್ಕ್ರಬ್ ನಡೆಸಿ. ಎಣಿಕೆ ಅಲ್ಲಿಗೇ ನಿಂತರೆ ಡಿಸ್ಕ್ ಚೆನ್ನಾಗಿದೆ ಎಂದೇ ಅರ್ಥ. ಯಂತ್ರವನ್ನು ಕಿಟಕಿಯ ಪಕ್ಕ ಇಡಬೇಡಿ. ಮಳೆಗಾಲದಲ್ಲಿ ದಿನಗಟ್ಟಲೆ ಆರಿಸಿಡುವುದಕ್ಕಿಂತ ಓಡುತ್ತಿರಲಿ. ಅದರ ಬಿಸಿಯೇ ತೇವವನ್ನು ದೂರ ಇಡುತ್ತದೆ.

ಮಿರರ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ಯಾರೂ ತಿಳಿಯಬಾರದು. ಕಡತ ಅಳಿಸಿದರೆ ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ಅಳಿಸುವ ತಪ್ಪಿಗೆ ಸ್ನ್ಯಾಪ್‌ಶಾಟ್ ಸಾಕು, ದಿನಕ್ಕೊಂದು ತೆಗೆಯಿರಿ. ಸಿಡಿಲಿಗೆ ಬೇರೆ ಊರಿನ ಪ್ರತಿಯೇ ಬೇಕು. ಜೆಡ್‌ಎಫ್‌ಎಸ್ ಸೆಂಡ್ ಮತ್ತು ರಿಸೀವ್ ಮೂಲಕ, ಹಿಂದಿನ ಸಲದಿಂದ ಬದಲಾದಷ್ಟನ್ನು ಮಾತ್ರ ಮೂರನೆಯ ಡಿಸ್ಕಿಗೆ ಇಳಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ನೆಂಟರ ಮನೆಯಲ್ಲಿ ಇಡುತ್ತೇನೆ.

ಡಿಸ್ಕ್ ಬದಲಿಸುವ ದಿನ

ಡಿಗ್ರೇಡೆಡ್ ಎಂಬ ಮೇಲ್ ಬಂದಾಗ ಮೊದಲ ಕೆಲಸ ಬ್ಯಾಕಪ್ ಹೊಸದಾಗಿದೆಯೇ ನೋಡುವುದು, ಇಲ್ಲದಿದ್ದರೆ ಮಾಡುವುದು. ಈಗ ಉಳಿದಿರುವುದು ಒಂದೇ ಪ್ರತಿ.

ಖಾಲಿ ಬಿಟ್ಟ ಮೂರನೆಯ ಜಾಗ ಉಪಯೋಗಕ್ಕೆ ಬರುವುದು ಇಲ್ಲಿ. ಹಳೆಯ ಡಿಸ್ಕ್ ಪೂರ್ತಿ ಸಾಯದೆ ಅಲ್ಲಲ್ಲಿ ತಪ್ಪುತ್ತಿದ್ದರೆ ಅದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲಿ ಕೂರಿಸಿ. ಕುಂಟುತ್ತಿರುವ ಡಿಸ್ಕಿನಿಂದಲೂ ಓದಲು ಬರುವ ಬ್ಲಾಕ್‌ಗಳಿವೆ. ಚೆನ್ನಾಗಿರುವ ಡಿಸ್ಕಿನಲ್ಲಿ ಅದೇ ಹೊತ್ತಿಗೆ ಒಂದು ಬ್ಲಾಕ್ ಕೆಟ್ಟರೆ ಅವು ಆಸರೆಯಾಗುತ್ತವೆ. ಹೊಸದಕ್ಕೆ ಮೊದಲಿನಂತೆಯೇ ಚೀಟಿ, ವಿಭಾಗ, ಲೇಬಲ್ ಮಾಡಿ:

ಜೆಡ್‌ಪೂಲ್ ರಿಪ್ಲೇಸ್ ಭಂಡಾರ ಜಿಪಿಟಿ/ಕೆಳಗೆ-0926 ಜಿಪಿಟಿ/ನಡುವೆ-5508

ಇಲ್ಲಿ ‘ಆ್ಯಡ್’ ಎಂಬ ಕಮಾಂಡ್ ಕಡೆಗೆ ಹೋಗಬೇಡಿ. ಅದು ಹೊಸ ಡಿಸ್ಕನ್ನು ಮಿರರ್‌ಗೆ ಸೇರಿಸದೆ, ಪೂಲಿಗೆ ಒಂಟಿಯಾಗಿ ಜೋಡಿಸುವ ಕಮಾಂಡ್. ಜೆಡ್‌ಎಫ್‌ಎಸ್ ಮೊದಲು ತಕರಾರು ತೆಗೆದು, ಬೇಕಾದರೆ -ಎಫ್ ಹಾಕಿ ಎನ್ನುತ್ತದೆ. ಅದನ್ನು ಎಂದೂ ಹಾಕಬಾರದು. ಮಿರರ್‌ಗೆ ಇನ್ನೊಂದು ಪ್ರತಿ ಸೇರಿಸಲು ಇರುವುದು ‘ಅಟ್ಯಾಚ್’.

ರಿಸಿಲ್ವರ್ ನಡೆಯುವಾಗ ಎಷ್ಟು ಮುಗಿಯಿತು, ಎಷ್ಟು ಹೊತ್ತು ಉಳಿದಿದೆ ಎಂದು ಸ್ಟೇಟಸ್ ತೋರಿಸುತ್ತದೆ. ಆರಂಭದಲ್ಲಿ ಅದು ಹೇಳುವ ಸಮಯವನ್ನು ನೋಡಿ ಹೆದರಬೇಡಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಜೆಡ್‌ಎಫ್‌ಎಸ್ ಖಾಲಿ ಜಾಗವನ್ನು ನಕಲು ಮಾಡುವುದಿಲ್ಲ, ಬಳಸಿದಷ್ಟನ್ನೇ ಮಾಡುತ್ತದೆ. ಆ ಹೊತ್ತಿನಲ್ಲಿ ಹೊಸ ಕ್ಯಾಸೆಟ್ ಇಳಿಸುವ ಕೆಲಸವನ್ನು ನಾನು ನಿಲ್ಲಿಸುತ್ತೇನೆ. ಮುಗಿದ ಮೇಲೆ ಹಳೆಯ ಲೇಬಲ್ ಪಟ್ಟಿಯಿಂದ ತಾನಾಗಿ ಮಾಯವಾಗುತ್ತದೆ. ಒಂದು ಸ್ಕ್ರಬ್ ನಡೆಸಿ, ಮೂರೂ ಕಂಬಸಾಲು ಸೊನ್ನೆ ಎಂದು ಖಚಿತಪಡಿಸಿಕೊಂಡು, ಯಂತ್ರ ಆರಿಸಿ, ಅಂಚಿನ ಚೀಟಿಯಲ್ಲಿ 0926 ಇರುವುದನ್ನು ಓದಿಯೇ ಹಳೆಯದನ್ನು ಹೊರತೆಗೆಯಿರಿ. ವಾರಂಟಿ ಉಳಿದಿದ್ದರೆ ಕಳಿಸಿ, ಇಲ್ಲದಿದ್ದರೆ ಬದಲಿಸಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಬೇರೆ ಕೆಲಸಕ್ಕೆ ಯಾರೂ ಎತ್ತಿಕೊಳ್ಳದಿರಲಿ. ಕ್ಯಾಬಿನೆಟ್ಟಿನ ಹೊರಗಿನ ಪಟ್ಟಿಯಲ್ಲಿ 0926 ಹೊಡೆದು ನಡುವೆ-5508 ಎಂದು ಸೇರಿಸಿ. ಮುಂದಿನ ಬದಲಿಗೆ ಖಾಲಿ ಜಾಗ ಈಗ ಕೆಳಗಿನದು.